‘ಎನ್‌2 ಸಾಕಾ?’ ಅಂತ ಕೇಳಿದ ಹಾಸನದ ಹುಡುಗಿಗೆ

ನಿಮ್ಮ ಪತ್ರ ಓದಿದೆ. ಬೆಂಗಳೂರಿನಲ್ಲಿ ಎರಡು ವರ್ಷ ಜಪಾನಿ ಕಲಿತಿದ್ದೀರಿ, ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್‌3 ಆಗಿದೆ, ಡಿಸೆಂಬರ್‌ನಲ್ಲಿ ಎನ್‌2 ಬರೆದಿದ್ದೀರಿ, ಏಪ್ರಿಲ್‌ನಿಂದ ಜಪಾನಿನ ಕೋಬೆಯಲ್ಲಿ ಕೆಲಸ. ‘ಎನ್‌2 ಆದರೆ ಅಲ್ಲಿ ಬದುಕೋಕೆ ಭಾಷೆ ಸಾಕಾಗುತ್ತಾ ಸರ್? ಊಟ ಹೇಗೆ? ತಿಂಗಳಿಗೆ ಎಷ್ಟು ಉಳಿಸಬಹುದು?’ ಅಂತ ಕೇಳಿದ್ದೀರಿ.

ಊಟದ್ದು ಮೊದಲು ಮುಗಿಸುತ್ತೇನೆ. ಸಸ್ಯಾಹಾರಿ ಅಂತ ಬರೆದಿದ್ದೀರಿ. ಇಲ್ಲಿ ದಾಶಿ ಅನ್ನೋ ಮೀನಿನ ತಿಳಿ ಎಷ್ಟೋ ಅಡುಗೆಗೆ ಬುನಾದಿ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ನಂಬಬೇಡಿ. ಮನೆಯಲ್ಲಿ ಮಾಡಿಕೊಳ್ಳಿ. ಕೋಬೆಯಲ್ಲಿ ಗುಜರಾತಿ, ಸಿಂಧಿ ವ್ಯಾಪಾರಿಗಳು ಬಹಳ ಹಿಂದಿನಿಂದ ಇದ್ದಾರೆ, ಅಲ್ಲಿನ ಕಿತಾನೊ ಬಡಾವಣೆಯಲ್ಲಿ ಒಂದು ಜೈನ ಬಸದಿಯೂ ಇದೆ. ಬೇಳೆ, ಸಾಸಿವೆಗೆ ತೊಂದರೆ ಇಲ್ಲ. ಉಳಿತಾಯದ ಮಾತು ಬೇಡ. ಯೆನ್ ಬೆಲೆ ಇವತ್ತು ಒಂದು, ನಾಳೆ ಒಂದು. ನಾನು ಏನು ಹೇಳಿದರೂ ನಿಮ್ಮ ಅಪ್ಪ ಆಮೇಲೆ ನನ್ನನ್ನೇ ಬೈಯುತ್ತಾರೆ.

ಈಗ ಭಾಷೆ. ನಾನು 2003ರಲ್ಲಿ ಬಂದಾಗ ಈ ಎನ್‌1, ಎನ್‌2 ಇರಲಿಲ್ಲ. ಐದು ಮಟ್ಟ ಬಂದಿದ್ದು 2010ರಲ್ಲಿ. ಅದಕ್ಕೆ ಮುಂಚೆ ನಾಲ್ಕೇ. ನಾನು ಎರಡನೇ ಮಟ್ಟದ ‘ನಿಕ್ಯೂ’ ಪಾಸಾಗಿ, ತಲೆ ಎತ್ತಿಕೊಂಡು ವಿಮಾನ ಇಳಿದವನು. ಈ ಪರೀಕ್ಷೆ 1984ರಲ್ಲಿ ಶುರುವಾಯಿತು. ಇಷ್ಟು ವರ್ಷದಲ್ಲಿ ಅದರಲ್ಲಿ ಬಾಯಿ ಬಿಟ್ಟು ಮಾತಾಡುವ ಭಾಗ ಬರಲೇ ಇಲ್ಲ. ಓದಬೇಕು, ಕೇಳಬೇಕು, ಸರಿ ಉತ್ತರಕ್ಕೆ ಗುರುತು ಹಾಕಬೇಕು. ಎನ್‌2 ಕಾಗದ ಕೆಲಸಕ್ಕೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದು ಬಾಗಿಲ ತನಕದ ಟಿಕೆಟ್ಟು.

ಕನ್ನಡದವರಿಗೆ ವ್ಯಾಕರಣದ ಹೆದರಿಕೆ ಬೇಡ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದ ಆದಮೇಲೆ, ಎಲ್ಲ ನಮ್ಮ ಥರವೇ. ‘ಮಾಡಿ ನೋಡು’ ಅನ್ನೋದು ಇಲ್ಲಿ ‘ಶಿತೆ ಮಿರು’, ಶಿತೆ ಅಂದರೆ ಮಾಡಿ, ಮಿರು ಅಂದರೆ ನೋಡು. ‘ತಿಂದುಬಿಟ್ಟೆ’ ಅನ್ನುವಾಗ ನಮ್ಮ ‘ಬಿಟ್ಟೆ’ ಮಾಡುವ ಕೆಲಸವನ್ನು ‘ತಾಬೆತೆ ಶಿಮತ್ತಾ’ದಲ್ಲಿ ‘ಶಿಮತ್ತಾ’ ಮಾಡುತ್ತದೆ. ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಅನ್ನಲ್ಲ, ‘ಹೋಗಿ ಬರ್ತೀನಿ’ ಅಂತೀವಿ ಅಲ್ವಾ? ಇವರೂ ಹಾಗೇ, ‘ಇತ್ತೆಕಿಮಾಸು’ ಅಂತಾರೆ. ಅಕ್ಷರ ಅಕ್ಷರ ಹೋಗಿ ಬರ್ತೀನಿ. ಓನೊ ಸುಸುಮು ಅನ್ನುವ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಅಂತ ವಾದ ಮಾಡಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ನಂಟಿಲ್ಲದಿದ್ದರೂ ಜೊತೆಯ ಅಮೆರಿಕದವನು ಬೆವರುತ್ತಿದ್ದ ಪಾಠ ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು.

ಎಡವಿದ್ದು ಎಲ್ಲಿ ಅಂದರೆ, ನಮಗೆ ಗೊತ್ತೇ ಇದೆ ಅಂದುಕೊಂಡ ಕಡೆ. ಗೌರವದ ಮಾತು. ಇಲ್ಲಿ ಕೇಗೊ ಅಂತಾರೆ. ಬಂದ ಮೂರನೇ ತಿಂಗಳು ಆಫೀಸಿಗೆ ಗ್ರಾಹಕರ ಫೋನು ಬಂತು, ನಮ್ಮ ಬುಚೋ ಇದ್ದಾರಾ ಅಂತ. ಬುಚೋ ಅಂದರೆ ವಿಭಾಗದ ಮುಖ್ಯಸ್ಥರು. ನಾನು ಇದ್ದಬದ್ದ ಮರ್ಯಾದೆಯನ್ನೆಲ್ಲ ಸುರಿದು ‘ಬುಚೋ ಇರಾಶ್ಶಾಯಿಮಾಸೆನ್’ ಅಂದೆ, ಬುಚೋ ಅವರು ಇಲ್ಲ ಅಂತ. ಪಕ್ಕದಲ್ಲಿದ್ದ ಹಿರಿಯರು ತಲೆ ಹಿಡಿದುಕೊಂಡರು. ಹೊರಗಿನವರ ಮುಂದೆ ಕಂಪನಿಯವರೆಲ್ಲ ನಮ್ಮ ಮನೆಯವರು. ಮನೆಯವರನ್ನು ಹೊರಗಿನವರೆದುರು ಏರಿಸಬಾರದು, ಇಳಿಸಬೇಕು. ‘ಓರಿಮಾಸೆನ್’ ಅನ್ನಬೇಕಿತ್ತು. ‘ನಮ್ಮ ತಂದೆಯವರು ಹೊರಗೆ ಹೋಗಿದ್ದಾರೆ’ ಅಂತ ಹೇಳಿ ಬೆಳೆದ ನಾಲಿಗೆ ಇದು. ‘ಅಪ್ಪ ಇಲ್ಲಿಲ್ಲ, ಹೋಗಿದ್ದಾನೆ’ ಅಂದ ಹಾಗೆ ಅನ್ನಿಸುತ್ತಿತ್ತು ನನಗೆ. ಇದು ಅಭ್ಯಾಸವಾಗಲು ಒಂದು ವರ್ಷ ಹಿಡಿಯಿತು.

2007ರಲ್ಲಿ ಸರ್ಕಾರದ ಸಂಸ್ಕೃತಿ ಮಂಡಳಿ ಈ ಕೇಗೊವನ್ನು ಐದು ಬಗೆಯಾಗಿ ವಿಂಗಡಿಸಿ ಮಾರ್ಗದರ್ಶಿ ಕೊಟ್ಟಿತು. ಅದಕ್ಕೆ ಮುಂಚೆ ಶಾಲೆಯಲ್ಲಿ ಹೇಳಿಕೊಡುತ್ತಿದ್ದದ್ದು ಮೂರು. ಜಪಾನಿಯರೇ ಇದರಲ್ಲಿ ತಡವರಿಸುತ್ತಾರೆ, ಅಷ್ಟು ಧೈರ್ಯ ಇರಲಿ. ಇಲ್ಲಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆಯವರು ಐಚಿ ಪ್ರಾಂತ್ಯದ ಒಕಾಜಾಕಿ ಊರಿನಲ್ಲಿ 1953, 1972, 2008, ಹೀಗೆ ಮೂರು ಸಲ ಜನರು ಗೌರವದ ಮಾತನ್ನು ಹೇಗೆ ಬಳಸುತ್ತಾರೆ ಅಂತ ಕೇಳಿ ಬರೆದುಕೊಂಡಿದ್ದಾರೆ. ‘ನೀವು ಮಾಡಿಕೊಟ್ಟಿದ್ದನ್ನು ನಾನು ಪಡೆದೆ’ ಅನ್ನೋ ಧಾಟಿಯ ‘ತೆ ಇತಾದಾಕು’ ಬಳಕೆ ಕೊನೆಯ ಸಲದ ಹೊತ್ತಿಗೆ ಜಾಸ್ತಿಯಾಗಿತ್ತು. ಇದನ್ನು ಕಲಿತುಬಿಟ್ಟರೆ ಆಫೀಸಿನಲ್ಲಿ ಅರ್ಧ ಗೆದ್ದಂತೆ. ನಾನು ಅದನ್ನು ಚೆನ್ನಾಗಿಯೇ ಕಲಿತೆ. ಜಾಸ್ತಿಯೇ ಕಲಿತೆ.

ಆಗ ನಾನು ಕೋಬೆಯ ನಾಗಾತಾ ಅನ್ನೋ ಭಾಗದಲ್ಲಿ ಮರದ ಹಳೇ ಮನೆಯ ಮೇಲ್ಮಹಡಿಯಲ್ಲಿದ್ದೆ. ಕೆಳಗೆ ಒಬ್ಬರೇ ಇದ್ದ ಅಜ್ಜಿ. ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಾ ‘ಇತ್ತೆರಾಶ್ಶಾಯ್’ ಅನ್ನುತ್ತಿದ್ದರು, ಹೋಗಿ ಬಾ ಅಂತ. ನಾನು ನಿಂತು, ಸೊಂಟ ಬಗ್ಗಿಸಿ, ‘ಇತ್ತೆ ಮಾಯಿರಿಮಾಸು’ ಅನ್ನುತ್ತಿದ್ದೆ. ದೊಡ್ಡವರ ಮುಂದೆ ತಗ್ಗಿ ಹೇಳುವ ಹೋಗಿ ಬರ್ತೀನಿ ಅದು. ಆಫೀಸಿನ ತರಬೇತಿಯಲ್ಲಿ ಕಲಿತದ್ದು. ಅಜ್ಜಿ ಕೋಬೆಯ ಆಡುಮಾತಿನಲ್ಲಿ ‘ಶಿತ್ತೋ?’ ಅಂತ ಕೇಳಿದರೆ, ಅಂದರೆ ‘ಗೊತ್ತಾ?’ ಅಂತ, ನಾನು ‘ಜೊಂಜಿಮಾಸೆನ್’ ಅನ್ನುತ್ತಿದ್ದೆ. ‘ನಾನರಿಯೆ’ ಅಂದ ಹಾಗೆ!

ಒಂದು ಸಂಜೆ ಅಜ್ಜಿ ಬೇಯಿಸಿದ ಸಿಹಿಗುಂಬಳ ತಂದುಕೊಟ್ಟರು. ಬಟ್ಟಲು ಖಾಲಿ ಕೊಡಬಾರದು ಅನ್ನೋದು ನಮಗೆ ಹೇಳಿಕೊಡಬೇಕಾ? ಅಂಗಡಿಯಿಂದ ಕಾಗದ ಸುತ್ತಿದ ಸಿಹಿಯ ಪೆಟ್ಟಿಗೆ ತಂದು, ಎರಡು ಕೈಯಲ್ಲಿ ಹಿಡಿದು, ಬಾಯಿಪಾಠ ಮಾಡಿದ ನಾಲ್ಕು ವಾಕ್ಯ ಒಪ್ಪಿಸಿದೆ. ಅಜ್ಜಿ ನಕ್ಕು, ‘ಅಂತಾ, ಕತಾಯ್ ನಾ’ ಅಂದರು. ಕತಾಯ್ ಅಂದರೆ ಗಟ್ಟಿ. ಕುಂಬಳಕಾಯಿ ಗಟ್ಟಿ ಇತ್ತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು, ‘ಇಲ್ಲ, ಬಹಳ ಮೆತ್ತಗಿತ್ತು’ ಅಂತ ಮತ್ತೆ ಬಗ್ಗಿದೆ. ಅವರು ಹೇಳಿದ್ದು ನನಗೆ. ನೀನು ತುಂಬಾ ಬಿಗಿ ಕಣಯ್ಯಾ ಅಂತ.

1995ರ ಜನವರಿ 17ರ ಭೂಕಂಪದಲ್ಲಿ ನಾಗಾತಾದ ಬೀದಿ ಬೀದಿಗಳೇ ಸುಟ್ಟುಹೋಗಿದ್ದವು. ಶೂ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ವಿಯೆಟ್ನಾಂ ಜನ ಆ ಭಾಗದಲ್ಲಿ ಬಹಳ ಇದ್ದರು. ನಿರಾಶ್ರಿತರ ಜೊತೆ ಶಾಲೆಯಲ್ಲಿ ಮಲಗಿದ್ದನ್ನು ಅಜ್ಜಿ ಹೇಳುತ್ತಿದ್ದರು. ಧ್ವನಿವರ್ಧಕದಲ್ಲಿ ‘ಕ್ಯೂಸುಯಿ’ ಅಂತ ಕೂಗುತ್ತಿದ್ದರಂತೆ, ನಮ್ಮಲ್ಲಿ ‘ಜಲ ಸರಬರಾಜು’ ಅಂದ ಹಾಗೆ. ಪಕ್ಕದ ಚಾಪೆಯ ವಿಯೆಟ್ನಾಂ ಹುಡುಗಿ ಅರ್ಥವಾಗದೆ ಸುಮ್ನೆ ಕೂತಿದ್ದಳು, ‘ಅಲ್ಲಿ ನೀರು ಕೊಡ್ತಾರೆ, ಬಾ’ ಅಂತ ಕೈ ಹಿಡಿದು ಎಬ್ಬಿಸಿದೆ ಅಂದರು. ಆ ಭೂಕಂಪದ ಪಾಠದಿಂದಲೇ ಹಿರೊಸಾಕಿ ವಿಶ್ವವಿದ್ಯಾಲಯದ ಸಾತೊ ಕಾಜುಯುಕಿ ಮತ್ತು ಜೊತೆಯವರು ‘ಯಾಸಾಶಿಯ್ ನಿಹೊಂಗೊ’ ರೂಪಿಸಿದರು, ಸರಳ ಜಪಾನಿ. ‘ಎತ್ತರ ಪ್ರದೇಶಕ್ಕೆ ಸ್ಥಳಾಂತರಗೊಳ್ಳಿ’ ಅನ್ನೋ ಬದಲು ‘ಎತ್ತರದ ಜಾಗಕ್ಕೆ ಓಡಿಹೋಗಿ’. ಈಗ ಎಷ್ಟೋ ನಗರಸಭೆಗಳ ಪ್ರಕಟಣೆಗಳು ಹೀಗೆ ಬರುತ್ತವೆ. ಯಾಸಾಶಿಯ್ ಅನ್ನೋ ಪದಕ್ಕೆ ಸುಲಭ ಅಂತಲೂ ಇದೆ, ಅಕ್ಕರೆಯ ಅಂತಲೂ ಇದೆ.

ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಅಜ್ಜಿ ನನ್ನ ಹತ್ತಿರ ಆ ಸುಲಭದ ಮಾತನ್ನೇ ಆಡುತ್ತಿದ್ದರು. ಚಿಕ್ಕ ಚಿಕ್ಕ ವಾಕ್ಯ, ನಿಧಾನಕ್ಕೆ. ನಾನೇ ಧ್ವನಿವರ್ಧಕದ ಥರ ಉತ್ತರ ಕೊಡುತ್ತಿದ್ದೆ.

2006ರಲ್ಲಿ ಎಂಟು ತಿಂಗಳ ಕೆಲಸಕ್ಕೆ ಬೆಂಗಳೂರಿಗೆ ಬಂದೆ. ವಾಪಸ್ ಹೋದಾಗ ಕೆಳಗಿನ ಮನೆ ಖಾಲಿ. ಸಾಮಾನು ತೆಗೆಯಲು ಬಂದ ಮಗಳು ಸಿಕ್ಕಿದರು. ಅಮ್ಮ ತೀರಿಹೋದರು ಅಂದರು. ಆಮೇಲೆ, ‘ಮೇಲಿನ ಮನೆ ಹುಡುಗ ಒಳ್ಳೆಯವನು, ಆದರೆ ಕೊನೇವರೆಗೂ ಹೊರಗಿನವನ ಥರವೇ ಮಾತಾಡಿದ, ನಾನೇನು ತಪ್ಪು ಮಾಡಿದೆನೋ ಅಂತಿದ್ದರು ಅಮ್ಮ’ ಅಂದರು. ಆಗಲೂ ನನ್ನ ಬಾಯಲ್ಲಿ ಬಂದದ್ದು ಸಂತಾಪದ ಬಾಯಿಪಾಠದ ವಾಕ್ಯವೇ.

ಊರಲ್ಲಿ ನಮ್ಮಮ್ಮನನ್ನು ನಾನು ‘ನೀನು’ ಅಂತೀನಿ, ಅಪ್ಪನನ್ನು ‘ನೀವು’. ಅಮ್ಮನನ್ನು ಒಂದು ದಿನ ‘ನೀವು’ ಅಂದರೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಾಳೆ. ಇದು ಗೊತ್ತಿದ್ದೂ ದಡ್ಡನಾದೆ ನಾನು.

ಹಾಗಂತ ಬಂದ ದಿನವೇ ದೆಸು-ಮಾಸು ಅನ್ನೋ ಮರ್ಯಾದೆಯ ಕೊನೆಗಳನ್ನು ಬಿಟ್ಟುಬಿಡಬೇಡ ತಂಗಿ. ಕಾರ್ಟೂನ್ ನೋಡಿ ಕಲಿತು ಮ್ಯಾನೇಜರ್‌ಗೆ ‘ಒಮಾಯೆ’, ಅಂದರೆ ‘ಲೇ ನೀನು’, ಅಂದ ಹುಡುಗರನ್ನೂ ಕಂಡಿದ್ದೇನೆ. ಹವಾಯಿ ವಿಶ್ವವಿದ್ಯಾಲಯದ ಹಾರುಕೊ ಮಿನೆಗಿಶಿ ಕುಕ್ ಅವರು ಜಪಾನಿ ಮನೆಗಳಲ್ಲಿ ಉಳಿದು ಕಲಿಯುವ ವಿದ್ಯಾರ್ಥಿಗಳ ಮಾತನ್ನು ದಾಖಲಿಸಿ ಅಭ್ಯಾಸ ಮಾಡಿದ್ದಾರೆ. ಸಲುಗೆಯಲ್ಲಿ ಮಾತಾಡುವ ಮನೆಯ ತಾಯಿಯೇ ಊಟ ಬಡಿಸುವಾಗ, ಏನಾದರೂ ಕಲಿಸುವಾಗ ಮಾಸು ರೂಪಕ್ಕೆ ಹೊರಳುತ್ತಾಳೆ. ನಮ್ಮ ಅಮ್ಮಂದಿರು ‘ಏನು ಸಾಹೇಬ್ರೇ, ಈಗ ಎದ್ರಾ?’ ಅನ್ನಲ್ವಾ! ಪುಸ್ತಕ ಇದನ್ನು ಕಲಿಸುವುದಿಲ್ಲ. ಎದುರಿನವರು ಯಾವಾಗ ಹೊರಳಿದರು ಅಂತ ಕಿವಿ ಕೊಡಬೇಕು. ಅಜ್ಜಿ ಕತೆಗೆ ಹೂಂಗುಟ್ಟಿ ಬೆಳೆದವಳು ನೀನು, ಮಾತಿನ ನಡುವೆ ಹೂಂಗುಟ್ಟುವ ಇಲ್ಲಿನ ‘ಐಜುಚಿ’ ನಿನಗೆ ತಾನಾಗಿ ಬರುತ್ತದೆ. ಒಂದೇ ಎಚ್ಚರ, ‘ಹೌದು, ಹೌದು’ ಅನ್ನೋ ಇವರ ‘ಹಾಯ್, ಹಾಯ್’ ಅಂದರೆ ಒಪ್ಪಿದೆ ಅಂತಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ.

ಕಂಪನಿ ಕೊಡುವ ಮನೆ ಯಾವ ಕಡೆ ಅಂತ ಬರೆಯಲಿಲ್ಲ. ನಾಗಾತಾ ಆದರೆ ತಿಳಿಸು, ತರಕಾರಿ ಅಂಗಡಿ ತೋರಿಸುತ್ತೇನೆ. ಏಪ್ರಿಲ್ ಶುರುವಿನಲ್ಲಿ ಇನ್ನೂ ಚಳಿ ಇರುತ್ತದೆ, ಸ್ವೆಟರ್ ಕೈಚೀಲದಲ್ಲೇ ಇರಲಿ. ಸಾರಿನ ಪುಡಿ ಸ್ವಲ್ಪ ಜಾಸ್ತಿ ತಾ, ನನಗೂ ಸೇರಿಸಿ. ಮತ್ತೆ ಸರ್ ಅಂತ ಬರೆಯಬೇಡ, ಅಣ್ಣ ಅಂದರೆ ಸಾಕು.