ಕೊಲ್ಲೋನಿಗೆ ಕಲ್ಲು ಸಾಕೇ?

(ಅರಸೀಕೆರೆ ಕಡೆಯಿಂದ ಹಾರ್ಡ್‌ವೇರ್ ಅಂಗಡಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ಆಸಿಡ್ ದಾಳಿ ತಪ್ಪಿಸೋಕೆ ಆಸಿಡ್ ಮಾರಾಟಕ್ಕೆ ಕಡಿವಾಣ ಬೇಕು ಅಂತ ಬರೆದಿದ್ದೀರಿ. ನಾಳೆ ಮಚ್ಚು, ಕೊಡಲಿನೂ ಮಾರಬೇಡಿ ಅಂತೀರಾ? ಕೊಲ್ಲೋನಿಗೆ ಕಲ್ಲು ಸಾಕು. ನಿಷೇಧ ಮಾಡಿದಷ್ಟೂ ಕಳ್ಳದಂಧೆ, ರೌಡಿಗಳು ಜಾಸ್ತಿ. ಸಾರಾಯಿ ನಿಲ್ಲಿಸಿದಾಗ ಏನಾಯ್ತು, ನೋಡಲಿಲ್ವಾ?")

ಸಾರಾಯಿ ವಿಷಯದಲ್ಲಿ ನಾನು ನಿಮ್ಮ ಪರ. ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರಿನ ಸುತ್ತಮುತ್ತ, ಕೋಲಾರ, ಪಕ್ಕದ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದವರೂ 1920ರಿಂದ 1933ರವರೆಗೆ ಮದ್ಯ ನಿಲ್ಲಿಸಿ ನೋಡಿದರು. ದುಡ್ಡೆಲ್ಲ ಷಿಕಾಗೋದ ರೌಡಿ ಅಲ್ ಕಪೋನ್‌ನಂಥವರ ಜೇಬಿಗೆ ಹೋಯಿತು. 1929ರಲ್ಲಿ ಕಳ್ಳದಂಧೆಯ ಪೈಪೋಟಿಯಲ್ಲಿ ಅಲ್ಲಿನ ಗ್ಯಾರೇಜೊಂದರಲ್ಲಿ 7 ಜನರನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. (ಸಾರಾಯಿ ವಿರುದ್ಧ ಬೀದಿಗಿಳಿದ ನಮ್ಮ ಹೆಂಗಸರ ಸಂಕಟ ಸುಳ್ಳಲ್ಲ. ಅದಕ್ಕೆ ಇನ್ನೊಂದು ಪತ್ರವೇ ಬೇಕು.)

ಆದರೆ ಕುಡಿಯುವವನಿಗೆ ದಿನಾ ಸಂಜೆ ಬೇಕು. ಅಂಗಡಿ ಮುಚ್ಚಿದರೆ ಹಿತ್ತಲಿಂದ ತರಿಸುತ್ತಾನೆ. ಆಸಿಡ್‌ಗೆ ಹಾಗೆ ಯಾರೂ ದಾಸರಾಗಿಲ್ಲ ಅಲ್ವಾ? ಕಳ್ಳದಂಧೆಗೆ ದಿನಾ ಬರೋ ಗಿರಾಕಿ ಬೇಕು. ಹುಡುಗಿ ಒಲ್ಲೆ ಅಂದಳು ಅಂತ ಸಿಟ್ಟಲ್ಲಿ ಒಂದೇ ಸಲ ಬರುವವನನ್ನು ನಂಬಿ ಯಾವ ರೌಡಿಯೂ ಗೋಡೌನ್ ಇಡುವುದಿಲ್ಲ.

ಬಾಂಗ್ಲಾದೇಶ ಇದನ್ನು ಮಾಡಿ ನೋಡಿದೆ. 2002ರಲ್ಲಿ ಅಲ್ಲಿ ವರ್ಷಕ್ಕೆ 500ರ ಹತ್ತಿರ ಆಸಿಡ್ ದಾಳಿ ಆಗುತ್ತಿದ್ದವು. ಅದೇ ವರ್ಷ ಎರಡು ಕಾನೂನು ಬಂದವು. ಒಂದು ದಾಳಿ ಮಾಡಿದವನಿಗೆ, ಮರಣದಂಡನೆಯವರೆಗೂ. ಇನ್ನೊಂದು ಆಸಿಡ್ ತರಿಸುವವರಿಗೆ, ಇಡುವವರಿಗೆ, ಮಾರುವವರಿಗೆ. ಲೈಸೆನ್ಸ್ ಇಲ್ಲದೆ ಮಾರಿದರೆ ಜೈಲು. ಹತ್ತು ವರ್ಷದಲ್ಲಿ ದಾಳಿಗಳು 100ಕ್ಕಿಂತ ಕೆಳಗಿಳಿದವು. ಶಿಕ್ಷೆಯ ಭಯ ಎಷ್ಟು, ಆಸಿಡ್ ಸಿಗದ್ದು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಎರಡೂ ಸೇರಿದ್ದಕ್ಕೇ ಕೆಲಸ ಆಯಿತು ಅಂತ ನನ್ನ ಲೆಕ್ಕ.

ಇನ್ನು ಕಲ್ಲಿನ ಮಾತು. ಕಲ್ಲಿಗೆ, ಮಚ್ಚಿಗೆ ತೋಳಲ್ಲಿ ಬಲ ಬೇಕು, ಹತ್ತಿರ ಹೋಗಬೇಕು, ಗುಂಡಿಗೆ ಬೇಕು. ಆಸಿಡ್ ಎರಚಿ ಬೈಕ್ ಹತ್ತಿದರೆ ಆಯಿತು. ಕೈಯಲ್ಲಿದ್ದಾಗ ಕೇಳಿದರೂ "ಟಾಯ್ಲೆಟ್ ತೊಳೆಯೋಕೆ" ಅಂದರೆ ಮುಗೀತು. ಅಷ್ಟು ಸುಲಭಕ್ಕೆ ಸಿಗುವುದನ್ನು ತಪ್ಪಿಸಿದರೆ ಎಲ್ಲರೂ ಮಚ್ಚು ಹಿಡಿಯುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಶ್ರೀಲಂಕಾ 1995ರಿಂದ ಕಡು ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಲ್ಲಿಸಿತು. 2005ರ ಹೊತ್ತಿಗೆ ಅಲ್ಲಿ ಆತ್ಮಹತ್ಯೆ ಅರ್ಧಕ್ಕೆ ಇಳಿದಿತ್ತು. ವಿಷ ಸಿಗದವರೆಲ್ಲ ಬೇರೆ ದಾರಿ ಹುಡುಕಲಿಲ್ಲ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ನಿಷೇಧವೇ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೊಳ್ಳುವವನ ಹೆಸರು, ವಿಳಾಸ, ಯಾಕೆ ಬೇಕು ಅನ್ನುವುದನ್ನು ರಿಜಿಸ್ಟರಲ್ಲಿ ಬರೆಯಿರಿ, ಫೋಟೋ ಇರುವ ಗುರುತಿನ ಚೀಟಿ ನೋಡಿ, 18 ತುಂಬದವರಿಗೆ ಕೊಡಬೇಡಿ. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಇತ್ತ ನಮ್ಮ ಕಚೇರಿ ಬೀದಿಗೆ ಈಗಲೂ ಸೈಕಲ್ಲಿನವನು "ಆಸಿಡ್, ಫಿನಾಯಿಲ್" ಅಂತ ಕೂಗುತ್ತಾ ಬರುತ್ತಾನೆ. ಹಳೇ ನೀರಿನ ಬಾಟಲಿ, ಲೇಬಲ್ ಇಲ್ಲ, ಮುಚ್ಚಳದ ಸುತ್ತ ಹಳದಿ ಕಲೆ. ರಿಜಿಸ್ಟರ್ ಇಡುವ ನಿಮಗೆ ಸಿಟ್ಟು ಬರುವುದು ನ್ಯಾಯವೇ. ಬ್ಯಾಟರಿಯವರು, ಅಕ್ಕಸಾಲಿಗರು ಲೈಸೆನ್ಸ್ ಮೇಲೆ ತರಲಿ. ಕಕ್ಕಸು ತೊಳೆಯಲು ಇಷ್ಟು ಖಾರದ ಆಸಿಡ್ ಮನೆಗಳಿಗೆ ಬೇಡ.

ನಿಮ್ಮಲ್ಲಿ ಕೊಳ್ಳುವವರು "ಯಾಕೆ ಬೇಕು" ಅಂದರೆ ಏನೇನು ಹೇಳುತ್ತಾರೆ, ಹೆಸರು ಬಿಟ್ಟು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.