ಎರಡು ದಿಕ್ಕಿಗೆ ತಿರುಗುವ ಫ್ಯಾನ್ ಬೇಡ, ಮೊದಲು ರಾಡ್ ಅಳೆಯಿರಿ

ಫಾಲ್ಸ್ ಸೀಲಿಂಗ್ ಹಾಕಿಸಿದ ಮೇಲೆ ಮೈಸೂರಿನ ನಿಮ್ಮ ಮನೆಯ ಹಾಲಿನಲ್ಲಿ ಗಾಳಿಯೇ ಸಾಲದಾಗಿದೆ, ವರ್ಷವಿಡೀ ಉಪಯೋಗಕ್ಕೆ ಬರಲೆಂದು ಎರಡು ದಿಕ್ಕಿಗೂ ತಿರುಗುವ ಫ್ಯಾನ್ ಕೊಳ್ಳಲೇ, ಇಲ್ಲವೇ ಎ.ಸಿ. ಹಾಕಿಸಲೇ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ. ಕುವೆಂಪುನಗರದ ನಮ್ಮ ಮನೆಯಲ್ಲಿ ಇದೇ ತೊಂದರೆಗೆ ಎ.ಸಿ.ಯವರೆಗೂ ದುಡ್ಡು ಸುರಿದಿದ್ದೇನೆ.

ನಮ್ಮದು ಮೊದಲ ಮಹಡಿ. ಮೇಲೆ ನೇರವಾಗಿ ತಾರಸಿ. ಹಾಲಿನ ಛಾವಣಿ ನೆಲದಿಂದ ಹತ್ತು ಅಡಿ ಎತ್ತರದಲ್ಲಿದೆ. ಮಗಳ ಮದುವೆಗೆ ಮುಂಚೆ ಮನೆಗೆ ಬಣ್ಣ ಹೊಡೆಸುವಾಗ ಹಾಲಿಗೆ ಫಾಲ್ಸ್ ಸೀಲಿಂಗ್ ಮಾಡಿಸಿದೆವು. ಅಂಚಿನ ದೀಪಗಳಿಗೆ ಜಾಗ ಬೇಕೆಂದು ಅದನ್ನು ಎಂಟು ಇಂಚು ಕೆಳಗಿಳಿಸಿದರು. ಫ್ಯಾನಿನ ಕೊಕ್ಕೆ ಮಾತ್ರ ಮೇಲಿನ ಕಾಂಕ್ರೀಟಿನಲ್ಲೇ ಇತ್ತು, ರಾಡ್ ಕೂಡ ಫ್ಯಾನಿನ ಡಬ್ಬದಲ್ಲಿ ಬಂದಿದ್ದ ಅದೇ ಒಂದು ಅಡಿಯದ್ದು. ರಾಡಿನ ಬಹುಪಾಲು ಒಳಗೆ ಅಡಗಿಹೋಗಿ, ರೆಕ್ಕೆಗಳು ಫಾಲ್ಸ್ ಸೀಲಿಂಗಿನಿಂದ ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ನಿಂತವು. ಉದ್ದದ ರಾಡ್ ಹಾಕೋಣವೇ ಎಂದು ವೈರಿಂಗ್ ಹುಡುಗ ಕೇಳಿದ್ದ. ಫ್ಯಾನ್ ಜೋತುಬಿದ್ದಂತೆ ಕಾಣುತ್ತದೆ, ಇದೇ ಅಚ್ಚುಕಟ್ಟು ಎಂದು ನಾನೇ ಬೇಡವೆಂದೆ. ಮುಂದಿನ ಖರ್ಚೆಲ್ಲವೂ ಹುಟ್ಟಿದ್ದು ಆ ಒಂದು ಮಾತಿನಿಂದ.

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಫ್ಯಾನ್ ಮಾರುವವರು ಯಾರೂ ನನಗೆ ಇದನ್ನು ಹೇಳಲಿಲ್ಲ. ಫ್ಯಾನ್ ಗಾಳಿಯನ್ನು ಹುಟ್ಟಿಸುವುದಿಲ್ಲ. ರೆಕ್ಕೆಗಳ ಮೇಲ್ಭಾಗದಲ್ಲಿರುವ ಗಾಳಿಯನ್ನು ಎಳೆದುಕೊಂಡು ಕೆಳಕ್ಕೆ ತಳ್ಳುತ್ತದೆ, ಆ ಗಾಳಿ ನೆಲ ಮುಟ್ಟಿ, ಗೋಡೆಗಳ ಕಡೆಗೆ ಹರಡಿ, ಗೋಡೆಯುದ್ದಕ್ಕೂ ಮೇಲೇರಿ, ಛಾವಣಿಯ ಕೆಳಗೆ ಮತ್ತೆ ರೆಕ್ಕೆಗಳ ಬಳಿಗೆ ಬಂದರೆ ಮಾತ್ರ ಕೋಣೆಯ ಗಾಳಿಯೆಲ್ಲ ಆಡುತ್ತದೆ. ಹೀಗೆ ಹಿಂತಿರುಗುವ ಗಾಳಿಗೆ ರೆಕ್ಕೆ ಮತ್ತು ಛಾವಣಿಯ ನಡುವೆ ದಾರಿ ಇರಬೇಕು. ಕನಿಷ್ಠ ಒಂದು ಅಡಿ ಅಂತರ ಬೇಕು. ಆ ದಾರಿ ಇಕ್ಕಟ್ಟಾದಾಗ ಮೋಟಾರು ಅದೇ ವೇಗದಲ್ಲಿ ತಿರುಗುತ್ತದೆ, ಅಷ್ಟೇ ವಿದ್ಯುತ್ತನ್ನೂ ಹೆಚ್ಚುಕಡಿಮೆ ಎಳೆಯುತ್ತದೆ, ಆದರೆ ಕೆಳಗೆ ಕುಳಿತವರಿಗೆ ಗಾಳಿ ತಾಕುವುದಿಲ್ಲ. ಬಾವಿಯಲ್ಲಿ ನೀರಿಲ್ಲದಿದ್ದರೆ ಎಷ್ಟು ಹೆಚ್.ಪಿ. ಪಂಪ್ ಇಟ್ಟರೇನು ಬಂತು!

ಇದು ತಿಳಿಯದೆ ಮೊದಲು ಕಂಡೆನ್ಸರ್ ಬದಲಿಸಿದೆ. ಫ್ಯಾನ್ ನಿಧಾನವಾಗಿದ್ದರೆ ಅದು ಸರಿಯಾದ ಮದ್ದೇ, ಆದರೆ ನಮ್ಮದು ನಿಧಾನವಾಗಿರಲಿಲ್ಲ. ಆಮೇಲೆ 1200 ಮಿಲಿಮೀಟರಿನ ಫ್ಯಾನ್ ತೆಗೆದು 1400ರದ್ದನ್ನು ಹಾಕಿಸಿದೆ. ದೊಡ್ಡ ರೆಕ್ಕೆಗೆ ಮೇಲೆ ಇನ್ನೂ ಹೆಚ್ಚು ಜಾಗ ಬೇಕಾದ್ದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಕೊನೆಗೆ ಒಂದೂವರೆ ಟನ್ನಿನ ಎ.ಸಿ. ಬಂತು. ಏಪ್ರಿಲ್ ತಿಂಗಳ ಬಳಕೆ 200 ಯೂನಿಟ್ ದಾಟಿತು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ದಾಟಿದ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ನಾವೇ ಕಟ್ಟಬೇಕು, ಎ.ಸಿ.ಯ ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ತೊಂದರೆ ಇರುವುದು ರಾಡಿನಲ್ಲಿ ಎಂದು ಕೊನೆಗೂ ಬಿಡಿಸಿ ಹೇಳಿದವರು ಮಂಡ್ಯದಿಂದ ಯು.ಪಿ.ಎಸ್. ಕೆಲಸಕ್ಕೆ ಬಂದಿದ್ದ ಹಿರಿಯ ಎಲೆಕ್ಟ್ರಿಷಿಯನ್. ಅವರು ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಚಿಕೊಂಡು ಬಂದು, ಓಡುತ್ತಿದ್ದ ಫ್ಯಾನಿನ ನೇರ ಕೆಳಗೆ ಸ್ಟೂಲಿನ ಮೇಲೆ ಇಟ್ಟರು. ಹೊಗೆ ಕೆಳಕ್ಕೆ ಇಳಿಯಲೇ ಇಲ್ಲ. ಅತ್ತಿತ್ತ ಓಲಾಡಿ ಅಲ್ಲೇ ಸುಳಿಯುತ್ತಿತ್ತು. "ಮೇಲ್ಗಡೆ ಗಾಳಿ ಸಿಕ್ಕದೆ ಇದು ಕೆಳಕ್ಕೆ ಏನನ್ನ ತಳ್ಳೀತು, ಸಾ?" ಎಂದರು. ಒಂದೂವರೆ ಅಡಿಯ ರಾಡ್ ತಂದು, ಹಳೆಯ 1200ರ ಫ್ಯಾನನ್ನೇ ಮತ್ತೆ ತೂಗುಹಾಕಿ, ಬೋಲ್ಟಿನ ತುದಿಗೆ ಸ್ಪ್ಲಿಟ್ ಪಿನ್ ತೂರಿಸಿ, ಅದರ ಎರಡು ಕಾಲುಗಳನ್ನು ಇಕ್ಕಳದಿಂದ ಅಗಲಿಸಿ ಬಾಗಿಸಿದರು. ಈ ಬಾರಿ ಊದುಬತ್ತಿಯ ಹೊಗೆ ಮೇಲೇಳದೆ ನೆಲಕ್ಕೆ ಹಾಸಿ ಸೋಫಾದ ಕಾಲಿನವರೆಗೂ ಹರಿಯಿತು. ರೆಕ್ಕೆಗಳು ಈಗ ನೆಲದಿಂದ ಎಂಟು ಅಡಿಗಿಂತ ಸ್ವಲ್ಪ ಮೇಲಿವೆ. ಏಳು ಅಡಿಗಿಂತ ಕೆಳಗೆ ಮಾತ್ರ ಯಾವ ಕಾರಣಕ್ಕೂ ಇಳಿಸಬಾರದು.

ಇನ್ನು ಎರಡು ದಿಕ್ಕಿಗೆ ತಿರುಗುವ ಫ್ಯಾನಿನ ವಿಚಾರ. ಅದು ಹೀಟರ್ ಉರಿಸುವ ಚಳಿ ದೇಶಗಳ ಅನುಕೂಲ. ಅಲ್ಲಿ ಬಿಸಿಯಾದ ಗಾಳಿ ಛಾವಣಿಯ ಕೆಳಗೆ ಶೇಖರವಾಗುತ್ತದೆ. ಫ್ಯಾನನ್ನು ಹಿಮ್ಮುಖವಾಗಿ ನಿಧಾನಕ್ಕೆ ಓಡಿಸಿದರೆ ಮೈಗೆ ಗಾಳಿ ಬೀಸದೆಯೇ ಆ ಬಿಸಿ ಗೋಡೆಗಳ ಗುಂಟ ಕೆಳಗಿಳಿಯುತ್ತದೆ. ಮೈಸೂರಿನ ಜನವರಿ ರಾತ್ರಿ ಸುಮಾರು 16 ಡಿಗ್ರಿ ಇರುತ್ತದೆ, ನಮ್ಮ ಯಾವ ಮನೆಯಲ್ಲೂ ಹೀಟರ್ ಉರಿಯುವುದಿಲ್ಲ. ಕೆಳಗಿಳಿಸಲು ಬಿಸಿಯೇ ಇಲ್ಲದ ಊರಿನಲ್ಲಿ ಆ ಸೌಲಭ್ಯಕ್ಕೆ ಹೆಚ್ಚಿನ ಹಣ ಕೊಡುವುದು ಶುದ್ಧ ದಂಡ ಎಂದೇ ನಾನು ಹೇಳುತ್ತೇನೆ. ಚಳಿಗಾಲದಲ್ಲಿ ನಮ್ಮಲ್ಲಿ ಫ್ಯಾನಿನ ಕೆಲಸ ಬೇರೆ: ಒಂದನೇ ನಂಬರಿನಲ್ಲಿ ಓಡುತ್ತಿದ್ದರೂ ಸೊಳ್ಳೆಗೆ ಆ ಗಾಳಿಯಲ್ಲಿ ಹಾರಿ ಬಂದು ಕೂರುವುದು ಕಷ್ಟ. ಮಳೆಗಾಲದಲ್ಲಂತೂ ಒಳಗೆ ಹರವಿದ ಬಟ್ಟೆ ಮುಗ್ಗಲು ಹಿಡಿಯದೆ ಒಣಗುವುದು ಫ್ಯಾನಿನಿಂದಲೇ.

ಬೇಸಿಗೆಯಲ್ಲಿ ಫ್ಯಾನ್ ಕೋಣೆಯನ್ನು ತಂಪು ಮಾಡುತ್ತದೆಂದು ತಿಳಿಯಬೇಡಿ. ಅದು ಮೈಮೇಲಿನ ಬೆವರನ್ನು ಆರಿಸುತ್ತದೆ. ಅದರಿಂದ ಎರಡು ಮೂರು ಡಿಗ್ರಿ ಕಡಿಮೆಯಾದಷ್ಟು ಹಿತವೆನಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಓಡುವ ಫ್ಯಾನಿನಿಂದ ಯಾರಿಗೂ ಪ್ರಯೋಜನವಿಲ್ಲ. ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನ್ ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ, ಆದರೆ ನಮ್ಮ ಏಪ್ರಿಲ್ ಹಗಲುಗಳು ಸಾಮಾನ್ಯವಾಗಿ 35ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಈ ಊರಿನ ಹವೆಗೆ ಸರಿಯಾಗಿ ತೂಗುಹಾಕಿದ ಫ್ಯಾನ್ ಸಾಕು ಎನ್ನುವ ನನ್ನ ಹಟಕ್ಕೆ ಇದೇ ಆಧಾರ.

ನಿಮ್ಮ ಫ್ಯಾನ್ ತೀರಾ ಹಳೆಯದಾಗಿದ್ದು ಬದಲಿಸಲೇಬೇಕೆಂದಿದ್ದರೆ ಬಿ.ಎಲ್.ಡಿ.ಸಿ. ಎಂಬ, ಕಡಿಮೆ ವಿದ್ಯುತ್ತಿನಲ್ಲಿ ಓಡುವ ಬ್ರಷ್ ಇಲ್ಲದ ಮೋಟಾರಿನದನ್ನು ಕೊಳ್ಳಿ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುವಲ್ಲಿ ಇದು 30ರ ಆಸುಪಾಸಿನಲ್ಲಿ ಮುಗಿಸುತ್ತದೆ. ದಿನಕ್ಕೆ ಹತ್ತು ಗಂಟೆ ಓಡಿದರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 13 ಯೂನಿಟ್ಟಿನಷ್ಟು ಉಳಿತಾಯ. 2023ರ ಜನವರಿಯಿಂದ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾಗಿದೆ, ಅದನ್ನು ನೋಡಿಯೇ ಕೊಳ್ಳಿ. ಬಿ.ಎಲ್.ಡಿ.ಸಿ. ಫ್ಯಾನನ್ನು ಗೋಡೆಯ ರೆಗ್ಯುಲೇಟರಿಗೆ ಜೋಡಿಸಬಾರದು, ನೇರವಾಗಿ ಸ್ವಿಚ್ಚಿಗೆ ಕೊಡಿಸಿ.

ರಾಡ್ ಬದಲಿಸಿದ ಮೇಲೂ ರಾತ್ರಿ ಸೆಕೆ ಎನಿಸಿದರೆ, ಅದು ಹಗಲೆಲ್ಲ ಕಾದ ತಾರಸಿಯ ಬಿಸಿ. ರಾತ್ರಿ ಹೊರಗಿನ ಗಾಳಿ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ಜಾಲರಿ ಹಾಕಿ ತೆರೆದಿಟ್ಟು ಫ್ಯಾನ್ ಓಡಿಸಿ; ತಾರಸಿಗೆ ಶಿವರಾತ್ರಿ ಕಳೆಯುವುದರೊಳಗೆ ಬಿಳಿ ಸುಣ್ಣವನ್ನಾದರೂ ಹೊಡೆಸಿ. ಎ.ಸಿ. ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ರೆಕ್ಕೆಯಿಂದ ಫಾಲ್ಸ್ ಸೀಲಿಂಗಿಗೆ ಎಷ್ಟು ಇಂಚಿದೆ ಎಂದು ಅಳೆದು ಇಲ್ಲಿ ಬರೆಯಿರಿ, ಎಷ್ಟು ಉದ್ದದ ರಾಡ್ ಬೇಕೆಂದು ಹೇಳುತ್ತೇನೆ.