ಕಣ್ಣಲ್ಲಿ ಮಿಂಚು: ಮೊಬೈಲ್ ಕಾರಣ ಅಲ್ಲ, ಇವತ್ತೇ ತೋರಿಸಿ

ಮೈನಸ್ 8 ಪವರ್ ಇದೆ, ನಿನ್ನೆಯಿಂದ ಒಂದು ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಆಗ್ತಿದೆ, ಮೊಬೈಲ್ ನೋಡಿದ್ದಕ್ಕಾ ಅಂತ ಕೇಳಿದ್ದೀರಿ. ಇಂಥ ಮಿಂಚು ರೆಟಿನಾ (ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ತೆಳು ಪದರ) ಹರಿದು ಕಳಚುವುದರ ಮುನ್ಸೂಚನೆ ಇರಬಹುದು. ಮೊಬೈಲ್‌ನಿಂದ ರೆಟಿನಾ ಕಳಚುವುದಿಲ್ಲ. ನಿಮ್ಮ ಪವರ್ರೇ ಮುಖ್ಯ ವಿಷಯ. ಮೈನಸ್ ಜಾಸ್ತಿ ಇದ್ದವರ ಕಣ್ಣುಗುಡ್ಡೆ ಉದ್ದ ಇರುತ್ತದೆ, ರೆಟಿನಾ ಅಂಚಿನಲ್ಲಿ ತೆಳ್ಳಗಾಗಿರುತ್ತದೆ, ಒಳಗಿನ ಲೋಳೆಯಂಥ ದ್ರವ ಕುಗ್ಗುತ್ತಾ ಅದನ್ನು ಎಳೆದಾಗ ಹರಿದು, ಆ ತೂತಿನಿಂದ ನೀರು ಹಿಂದೆ ಸೇರಿಕೊಂಡರೆ ರೆಟಿನಾ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಲೇಸಿಕ್ ಮಾಡಿಸಿ ಕನ್ನಡಕ ಬಿಟ್ಟವರಿಗೂ ಈ ಅಪಾಯ ಹಾಗೇ ಇರುತ್ತದೆ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಕಣ್ಣಿಗೆ ಪೆಟ್ಟು, ಪೊರೆ ಆಪರೇಷನ್, ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ಅದೂ ಕಾರಣವೇ.

ಸುಮ್ನೆ ಕಾಯಬೇಡಿ. ನೋವಿಲ್ಲ ಅಂತ ಧೈರ್ಯ ತಂದುಕೊಳ್ಳಲೂ ಬೇಡಿ, ಇದು ನೋಯುವುದೇ ಇಲ್ಲ. ಇವತ್ತೇ ಹನಿ ಹಾಕಿ ರೆಟಿನಾ ಪರೀಕ್ಷೆ ಮಾಡಿಸಿ, ಹನಿ ಹಾಕಿದ ಮೇಲೆ ಕಣ್ಣು ಮಂಜಾಗುತ್ತದೆ, ಬೈಕ್ ಬೇರೆಯವರು ಓಡಿಸಲಿ. ಬರೀ ಹರಿದಿದ್ದರೆ ಸಾಮಾನ್ಯವಾಗಿ ಲೇಸರ್ ಸಾಕು. ಪಕ್ಕದಿಂದ ಕಪ್ಪು ಪರದೆ ಬಂದ ಹಾಗೆ ಕಂಡರೆ ರಾತ್ರಿಯಾದರೂ ಸರಿ, ತಕ್ಷಣ ಹೊರಡಿ.